ಹೊಸ್ತಿಲು ದಾಟದ ಅಂಬಾಸಿಡರ್

ಬೆಟಗೇರಿಯ ನಮ್ಮ ಮನೆಯ ಅಂಗಳದಲ್ಲಿ ಒಂದು ಅಂಬಾಸಿಡರ್ ಕಾರು ಒಂಬತ್ತು ವರ್ಷ ನಿಂತಿತ್ತು. ಕೆಟ್ಟು ನಿಂತದ್ದಲ್ಲ. ಕೀಲಿ ತಿರುವಿದರೆ ಮೊದಲ ಸಲಕ್ಕೇ ಶುರುವಾಗುತ್ತಿತ್ತು, ದೀಪಗಳು ಉರಿಯುತ್ತಿದ್ದವು, ಹಾರ್ನ್ ಬಾರಿಸಿದರೆ ಓಣಿಯಲ್ಲಿ ಮಲಗಿದ ಎಮ್ಮೆಗಳು ಎದ್ದು ನಿಲ್ಲುತ್ತಿದ್ದವು. ಆದರೆ ಗೇಟು ದಾಟುತ್ತಿರಲಿಲ್ಲ. ಅದು ದಾಟದಂತಾದದ್ದಕ್ಕೆ ಅರ್ಧ ಕಾರಣ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಾನು ಬೈಯುವುದನ್ನೆಲ್ಲ ಓದಿ ನೀವು ನನ್ನನ್ನು ಪಾಪದ ಹೆಂಗಸು ಅಂದುಕೊಳ್ಳುತ್ತೀರಿ.

ಕಾರು ನನ್ನ ಅಪ್ಪನದು. ಮುಂಡರಗಿಯಲ್ಲಿ ಅವನದು ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿ ಇತ್ತು. ನನ್ನ ಮದುವೆಗೆ ಮೊದಲೇ ಕಪ್ಪತಗುಡ್ಡದ ಕೆಳಗಿನ ರಸ್ತೆಯಲ್ಲಿ ಅವನು ನನಗೆ ಕಾರು ಓಡಿಸಲು ಕಲಿಸಿದ. ಅಣ್ಣಂದಿರಿಬ್ಬರು ಹಿಂದಿನ ಸೀಟಿನಲ್ಲಿ ಕುಳಿತು ನಗುತ್ತಿದ್ದರು. ಓಡಿಸಲು ಬಂದರೆ ಸಾಲದು, ಬಿಚ್ಚಲೂ ಬರಬೇಕು ಎಂದು ಅಪ್ಪನ ಹಟ. ಹಾಗಾಗಿ ಪ್ಲಗ್ಗು ಉಜ್ಜುವುದು, ಎಣ್ಣೆ ಬದಲಿಸುವುದು, ಯಾವ ಪಾನಾ ಯಾವ ಬೋಲ್ಟಿಗೆ ಎನ್ನುವುದು ನನಗೆ ಹೋಳಿಗೆ ಲಟ್ಟಿಸುವುದಕ್ಕಿಂತ ಮೊದಲೇ ಗೊತ್ತಾಯಿತು. ಹೋಳಿಗೆ ಇವತ್ತಿಗೂ ಅಷ್ಟಕ್ಕಷ್ಟೆ.

ಕಣ್ಣು ಮಂಜಾದ ವರ್ಷ ಅಪ್ಪ ನನ್ನನ್ನು ಕರೆಸಿ ಕೀಲಿ ಕೊಟ್ಟ. ಅಣ್ಣಂದಿರ ಹತ್ತಿರ ಹೊಸ ಕಾರುಗಳಿದ್ದವು, ಅವರಿಗೆ ಈ ಮುದಿ ಗಾಡಿ ಬೇಡವಾಗಿತ್ತು. ಮುಂಡರಗಿಯಿಂದ ಬೆಟಗೇರಿಗೆ ನಾನೇ ಓಡಿಸಿಕೊಂಡು ಬಂದೆ. ನಮ್ಮ ಮನೆಯವರು ಪಕ್ಕದಲ್ಲಿ ಕುಳಿತು ದಾರಿಯುದ್ದಕ್ಕೂ ಬ್ರೇಕ್ ಇಲ್ಲದ ಕಡೆ ಕಾಲು ಒತ್ತುತ್ತಿದ್ದರು. ಅವರಿಗೆ ಇಲ್ಲೇ ನೂಲಿನ ಅಂಗಡಿ. ಸೈಕಲ್ಲಿಗಿಂತ ದೊಡ್ಡ ವಾಹನದ ಮೇಲೆ ಅವರಿಗೆ ನಂಬಿಕೆ ಇಲ್ಲ.

ಆಮೇಲೆ ಮೂರು ವರ್ಷ ನಾನು ರಾಣಿಯಾಗಿದ್ದೆ. ಲಕ್ಷ್ಮೇಶ್ವರದ ಗೆಳತಿಯ ಮನೆಗೆ, ಶಿರಹಟ್ಟಿಯ ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದೆ. ಯಾವ ನೆಪವೂ ಸಿಗದಿದ್ದರೆ ಹಿರೇಹಂದಿಗೋಳದ ತನಕ ಹೋಗಿ, ರಸ್ತೆ ಬದಿಗೆ ನಿಲ್ಲಿಸಿ, ಮೆಣಸಿನಕಾಯಿ ಹೊಲ ನೋಡಿ ತಿರುಗಿ ಬರುತ್ತಿದ್ದೆ. ಬಸ್ಸಿಲ್ಲವೇ ಎಂದು ಕೇಳುತ್ತಾರೆ. ಇದೆ. ಆದರೆ ಬಸ್ಸಿಗೆ ಹೊರಟರೆ ಎಲ್ಲಿಗೆ, ಯಾಕೆ, ಯಾವಾಗ ಬರುತ್ತೀ ಎಂದು ಮನೆಯಿಂದ ಕಂಡಕ್ಟರನವರೆಗೆ ಎಲ್ಲರಿಗೂ ಹೇಳಬೇಕು. ಕಾರಿನಲ್ಲಿ ಕುಳಿತರೆ ಗೇಟು ದಾಟಿದ ಮೇಲೆ ಎಡಕ್ಕೋ ಬಲಕ್ಕೋ ಎಂದು ನಿರ್ಧರಿಸಬಹುದಿತ್ತು.

ಅಷ್ಟರಲ್ಲಿ ಓಣಿಗೆ ಕಾಂಕ್ರೀಟ್ ಬಂತು. ಹಳೆಯ ರಸ್ತೆಯ ಮೇಲೆ ಒಂದು ಪದರ, ಅದರ ಮೇಲೆ ಇನ್ನೊಂದು. ನಮ್ಮ ಅಂಗಳ ತಗ್ಗಾಯಿತು, ಮೊದಲ ದೊಡ್ಡ ಮಳೆಗೆ ಓಣಿಯ ನೀರೆಲ್ಲ ಅಡುಗೆಮನೆಗೆ ಬಂತು. ಮಣ್ಣಿನ ಕಂಪೌಂಡು ಕೆಡವಿ ಹೊಸದು ಕಟ್ಟಿಸುವಾಗ ಅತ್ತೆ ಒಂದು ಮಾತು ಹೇಳಿದರು. ಮನೆಯ ಬಾಗಿಲಿಗೆ ಇದ್ದಂತೆ ಗೇಟಿಗೂ ಕಲ್ಲಿನ ಹೊಸ್ತಿಲು ಕೂರಿಸೋಣ, ನೀರೂ ನಿಲ್ಲುತ್ತದೆ, ಲಕ್ಷ್ಮಿಯೂ ನಿಲ್ಲುತ್ತಾಳೆ ಎಂದು. ನೆಲದಿಂದ ಒಂದು ಗೇಣು ಎತ್ತರದ ಕಲ್ಲು ತರಿಸಿದರು. ಒಳ್ಳೆಯ ದಿನ ನೋಡಿ, ತೆಂಗಿನಕಾಯಿ ಒಡೆದು ಕೂರಿಸಿದರು. ಆ ಕಲ್ಲಿಗೆ ಮೊದಲ ಅರಿಶಿನ ಕುಂಕುಮ ಹಚ್ಚಿದ್ದು ನಾನು. ನೀರು ಒಳಗೆ ಬರುವುದಿಲ್ಲವೆಂಬ ಖುಷಿಯಲ್ಲಿ ಹಾಡು ಕೂಡ ಹೇಳಿದೆ. ನನ್ನ ಬೆನ್ನ ಹಿಂದೆ, ನಾಲ್ಕು ಹೆಜ್ಜೆ ದೂರದಲ್ಲಿ, ಕಾರು ನಿಂತಿತ್ತು. ಅಲ್ಲಿದ್ದ ಹನ್ನೆರಡು ಜನರಲ್ಲಿ ಒಬ್ಬರಿಗೂ ಅದು ಹೊರಗೆ ಹೇಗೆ ಹೋಗುತ್ತದೆ ಎಂಬ ಯೋಚನೆ ಬರಲಿಲ್ಲ. ಓಡಿಸುವವಳು ನಾನು, ನನಗೂ ಬರಲಿಲ್ಲ.

ಎರಡು ದಿನದ ಮೇಲೆ ಗೊತ್ತಾಯಿತು. ಹೊಸ್ತಿಲಿಗೆ ಕಾಲು ತಾಗಿಸಬಾರದೆಂದ ಮೇಲೆ ಗಾಲಿಯೂ ತಾಗಬಾರದಲ್ಲ, ಅದಕ್ಕೆ ಕಲ್ಲಿನ ಮೇಲೆ ಹಲಗೆ ಹಾಸಿ ಹತ್ತಿಸಿದೆ. ಮುಂದಿನ ಗಾಲಿಗಳು ಹತ್ತಿ ಆಚೆ ಇಳಿದವು. ಆಮೇಲೆ ಕರ್ ಎಂದು ಸದ್ದಾಗಿ ಕಾರಿನ ಹೊಟ್ಟೆ ಕಲ್ಲಿನ ಮೇಲೆ ಕುಳಿತುಬಿಟ್ಟಿತು. ಮೂತಿ ಓಣಿಯಲ್ಲಿ, ಬಾಲ ಅಂಗಳದಲ್ಲಿ. ಅರ್ಧ ದಿನ ಹಾಗೇ ಇತ್ತು. ಮಗ್ಗ ನಿಲ್ಲಿಸಿ ಬಂದ ಓಣಿಯ ನೇಕಾರರೆಲ್ಲ ಒಂದೊಂದು ಸಲಹೆ ಕೊಟ್ಟರು. ಕೊನೆಗೆ ಎಂಟು ಗಂಡಸರು ಎತ್ತಿ ಹಿಂದಕ್ಕೆ ತಳ್ಳಿದರು. ಎಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ತೊಟ್ಟಿಯೊಂದಿರುತ್ತದೆ, ಮಿಸ್ತ್ರಿಗಳು ಅದಕ್ಕೆ ಚೇಂಬರ್ ಎನ್ನುತ್ತಾರೆ. ಅದು ನೆಗ್ಗಿ ಅರಿಶಿನದ ಕಲ್ಲಿನ ಮೇಲೆಲ್ಲ ಕಪ್ಪು ಎಣ್ಣೆ ಸುರಿದಿತ್ತು. ಅತ್ತೆ ಸೀಗೆಪುಡಿ ಹಾಕಿ ತಿಕ್ಕಿ ತೊಳೆದರು. ಅವರು ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಬೈಯಲಿಲ್ಲ.

ಪೂಜೆ ಮಾಡಿ ಕೂರಿಸಿದ ಕಲ್ಲನ್ನು ಒಂದು ಹಳೇ ಕಾರಿಗೋಸ್ಕರ ಕೀಳುವುದುಂಟೇ ಎಂದು ನಮ್ಮ ಮನೆಯವರು ಕೇಳಿದರು. ಮಿಸ್ತ್ರಿಯನ್ನು ಕರೆಸಿ ಚೇಂಬರಿನ ಸೋರಿಕೆ ಮುಚ್ಚಿಸಿದೆ, ನೆಗ್ಗು ಹಾಗೇ ಉಳಿಯಿತು. ವಿಷಯ ಅಲ್ಲಿಗೆ ಮುಗಿಯಿತು.

ಒಂಬತ್ತು ವರ್ಷ, ದಿನಾ ಬೆಳಿಗ್ಗೆ ನಾನು ಮೊದಲು ಆ ಹೊಸ್ತಿಲನ್ನು ತೊಳೆದು ಪೂಜೆ ಮಾಡುತ್ತಿದ್ದೆ. ಆಮೇಲೆ ಕಾರಿನಲ್ಲಿ ಕುಳಿತು ಎಂಜಿನ್ ಶುರು ಮಾಡಿ ಹತ್ತು ನಿಮಿಷ ಬಿಡುತ್ತಿದ್ದೆ. ಗಾಜಿನಾಚೆ ಗೇಟು, ಗೇಟಿನಾಚೆ ಎದುರು ಮನೆಯ ಗೋಡೆ. ಎದುರು ಮನೆಯಾಕೆ ರಂಗೋಲಿ ಹಾಕುತ್ತ, "ಅಕ್ಕಾರ, ಇವತ್ತ ಎಲ್ಲಿ ತನಕಾ ಹೋಗಿ ಬಂದ್ರಿ?" ಎಂದು ಕೇಳುತ್ತಿದ್ದಳು. ಲಕ್ಷ್ಮೇಶ್ವರದ ತನಕ ಎಂದು ನಾನೂ ನಗುತ್ತಿದ್ದೆ. ಬೇಸಿಗೆಯಲ್ಲಿ ಅತ್ತೆ ಬಾನೆಟ್ಟಿನ ಮೇಲೆ ಸೀರೆ ಹಾಸಿ ಸಂಡಿಗೆ ಒಣಹಾಕುತ್ತಿದ್ದರು. ಕಬ್ಬಿಣ ಬೇಗ ಕಾಯುತ್ತದೆ, ಸಂಡಿಗೆ ಚೆನ್ನಾಗಿ ಒಣಗುತ್ತವೆ ಎಂದು ಓಣಿಯವರೂ ತಂದು ಹಾಕತೊಡಗಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಡುವೆ ಒಂದು ವರ್ಷ ಅಪ್ಪ ತೀರಿಹೋದ. ಆಗ ನಾನು ಮುಂಡರಗಿಗೆ ಬಸ್ಸಿನಲ್ಲಿ ಹೋದೆ, ನಿಂತುಕೊಂಡು. ಅವನ ಕಾರು ಅಂಗಳದಲ್ಲಿ ಸಂಡಿಗೆ ಹೊತ್ತು ನಿಂತಿತ್ತು.

ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಊಟ ಬಡಿಸುವಾಗ ನಮ್ಮ ಮನೆಯವರು ಸುದ್ದಿ ತೆಗೆದರು. ಅಡರಕಟ್ಟಿಯ ರೈತರೊಬ್ಬರ ಹತ್ತಿರ ಇಂಥದೇ ಕಾರು ಇದೆ, ಅದರ ಎಂಜಿನ್ ಜಾಮ್ ಆಗಿದೆ, ನಮ್ಮದರ ಎಂಜಿನ್ ಮತ್ತು ಗೇರ್‌ಬಾಕ್ಸ್ ಅವರು ಒಯ್ಯುತ್ತಾರೆ, ಉಳಿದ ತಗಡನ್ನು ಇಲ್ಲೇ ಕತ್ತರಿಸಿ ಹೊರಗೆ ಹಾಕಿಸಿದರೆ ಅಂಗಳ ಖುಲ್ಲಾ ಆಗುತ್ತದೆ ಎಂದರು. ಏನಂತೀ ಎಂದೂ ಕೇಳಿದರು. ನಾನು ಹೂಂ ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ. ಕೈಯಲ್ಲಿ ಸಾರಿನ ಸೌಟು ಇತ್ತು, ಅವರ ತಟ್ಟೆಯಲ್ಲಿ ಅನ್ನ ಕಾದಿತ್ತು. ನಮ್ಮಲ್ಲಿ ಹೆಂಗಸರು ಹೂಂ ಅಂದರೆ ರುಜು ಮಾಡಿದ ಹಾಗೆ. ಸಂಜೆಯೊಳಗೆ ಅವರು ಅಡರಕಟ್ಟಿಗೆ ಮಾತು ಕೊಟ್ಟಾಗಿತ್ತು.

ಮಿಸ್ತ್ರಿ ಬಂದದ್ದು ಒಂದು ಗುರುವಾರ ಬೆಳಿಗ್ಗೆ. ನನ್ನ ಕಾರನ್ನು ಮೊದಲಿನಿಂದ ನೋಡಿಕೊಂಡವನು ಅವನೇ. ಅರವತ್ತು ದಾಟಿದೆ, ಹೊಟ್ಟೆ ದೊಡ್ಡದು, ಮಾತು ಕಡಿಮೆ. ಜೊತೆಗೆ ಇಬ್ಬರು ಆಳುಗಳು, ಮೂರು ಕಬ್ಬಿಣದ ಪೈಪು, ಒಂದು ಚೈನ್ ಪುಲ್ಲಿ. ಪೈಪುಗಳನ್ನು ಮೂರು ಕಾಲಿನಂತೆ ಕಾರಿನ ಮೂತಿಯ ಮೇಲೆ ನಿಲ್ಲಿಸಿ ತಲೆಗೆ ಪುಲ್ಲಿ ಕಟ್ಟಿದರು. ಮೊದಲು ಬ್ಯಾಟರಿ ಬಿಚ್ಚಿದರು. ಆಮೇಲೆ ಬಾನೆಟ್. ಅತ್ತೆ ಕಟ್ಟೆಯ ಮೇಲೆ ಕುಳಿತು, ಅದನ್ನು ಒಡೆಯಬೇಡಿ, ಬೇಸಿಗೆಗೆ ಬೇಕು ಎಂದರು. ರೇಡಿಯೇಟರಿನ ತುಕ್ಕುನೀರು ಇಳಿಸಿ ಅದನ್ನೂ ಎತ್ತಿ ಗೋಡೆಗೆ ಒರಗಿಸಿದರು.

ವಯರುಗಳನ್ನು ಬಿಚ್ಚುವ ಹೊತ್ತಿಗೆ ನಾನು ಒಳಗಿನಿಂದ ನೂಲಿನ ಉಂಡೆಗಳನ್ನು ತಂದೆ. ಅಂಗಡಿಯಿಂದ ಉಳಿದು ಬಂದ ಬಣ್ಣಬಣ್ಣದ ನೂಲು ನಮ್ಮ ಮನೆಯಲ್ಲಿ ಯಾವಾಗಲೂ ಇರುತ್ತದೆ. ಬಿಚ್ಚಿದ ವಯರಿನ ತುದಿಗೆ ಒಂದು ಕೆಂಪು ಎಳೆ, ಅದು ಸೇರುವ ಜಾಗಕ್ಕೆ ಇನ್ನೊಂದು ಕೆಂಪು ಎಳೆ. ಮುಂದಿನದಕ್ಕೆ ಹಸಿರು, ಅದರ ಮುಂದಿನದಕ್ಕೆ ಹಳದಿ. ಪೆಟ್ರೋಲ್ ಪೈಪಿಗೆ, ಆಕ್ಸಿಲರೇಟರ್ ತಂತಿಗೆ, ಎಲ್ಲದಕ್ಕೂ ಜೋಡಿ ಜೋಡಿ ಕಟ್ಟುತ್ತ ಹೋದೆ. ಅಪ್ಪ ಕಲಿಸಿದ ರೀತಿ ಅದು. ಮಿಸ್ತ್ರಿ ಸ್ವಲ್ಪ ಹೊತ್ತು ನೋಡಿದ.

"ಅಕ್ಕಾರ, ಇದಕ್ಕ ಗುರ್ತು ಯಾಕ ಕಟ್ಟಾಕತ್ತೀರಿ? ಇದೇನ ಹೊಳ್ಳಿ ಇಲ್ಲೆ ಕುಂದ್ರೂದಿಲ್ಲಲ್ಲ."

ಇರಲಿ ಬಿಡು ಎಂದೆ. ಅವನು ಪ್ರತಿ ವಯರು ಬಿಚ್ಚಿದಾಗ ನಾನು ಗಂಟು ಹಾಕುವ ತನಕ ಕಾಯತೊಡಗಿದ.

ಅಡಿಯಿಂದ ಬಿಚ್ಚುವ ಕೆಲಸ ತೊಡಕಾಯಿತು. ಎಂಜಿನ್ನಿನ ಬೆನ್ನಿಗೆ ಗೇರ್‌ಬಾಕ್ಸ್ ಇರುತ್ತದೆ, ಅದರ ಬಾಲದಿಂದ ಉದ್ದನೆಯ ಸಲಾಕೆ ಹಿಂದಿನ ಗಾಲಿಗಳಿಗೆ ಹೋಗುತ್ತದೆ. ಆ ಸಲಾಕೆ ಬಿಚ್ಚಿದರು, ಗೇರ್ ಹಾಕುವ ಕಡ್ಡಿಗಳನ್ನೂ ಬಿಚ್ಚಿದರು. ಗೇರ್‌ಬಾಕ್ಸನ್ನು ಹೊತ್ತ ಪಟ್ಟಿಯ ಎಡಗಡೆಯ ಬೋಲ್ಟು ಮಾತ್ರ ಉಳಿಯಿತು. ಆ ಕಡೆ ಕಾರಿಗೂ ಗೋಡೆಗೂ ನಡುವೆ ಒಂದೂವರೆ ಗೇಣು ಜಾಗ. ಮಿಸ್ತ್ರಿಯ ಹೊಟ್ಟೆ ಹಿಡಿಸಲಿಲ್ಲ, ಆಳುಗಳು ಚೈನ್ ಬಿಡುವಂತಿರಲಿಲ್ಲ. ನಾನು ಸೆರಗು ಸಿಕ್ಕಿಸಿ, ಗೋಣಿಚೀಲ ಹಾಸಿ, ಪಾನಾ ಹಿಡಿದು ಒಳಗೆ ಜಾರಿದೆ. ನಮ್ಮ ಮನೆಯವರು ಬೇಡ ಬೇಡ ಎನ್ನುತ್ತಿದ್ದರು. ಅವರ ಪಾದಗಳಷ್ಟೇ ಕಾಣುತ್ತಿದ್ದವು.

ಅಲ್ಲಿ ಮಲಗಿದಾಗ ನನಗೆ ಏನೂ ಎತ್ತಲು ಆಗಲಿಲ್ಲ, ತಲೆ ಕೂಡ. ಮೂಗಿನ ಮೇಲೆ ನಾಲ್ಕು ಬೆರಳು ದೂರದಲ್ಲಿ ಗೇರ್‌ಬಾಕ್ಸ್, ಎಡಕ್ಕೆ ಗೋಡೆ, ಬಲಕ್ಕೆ ಗಾಲಿ. ಹಣೆಯ ಮೇಲೆ ಎಣ್ಣೆ ತೊಟ್ಟಿಕ್ಕಿ ಕುಂಕುಮದ ಜೊತೆ ಸೇರಿ ಕಣ್ಣಿಗೆ ಇಳಿಯಿತು. ಬೋಲ್ಟು ಜಪ್ಪಯ್ಯ ಅನ್ನಲಿಲ್ಲ. ಆಗ ನನಗೆ ಜೋರಾಗಿ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಸಿಟ್ಟು ನನ್ನ ಮೇಲೆಯೇ. ಹಾಡು ಹೇಳಿ ಕಲ್ಲು ಕೂರಿಸಿದವಳು ನೀನು, ಹೂಂ ಅಂದವಳು ನೀನು, ಈಗ ಅಂಗಾತ ಮಲಗಿ ಅಪ್ಪನ ಎಂಜಿನ್ನನ್ನು ಬಿಚ್ಚಿ ಕೊಡುತ್ತಿರುವವಳೂ ನೀನೇ ಎಂದು ಬೈದುಕೊಂಡೆ. ಆ ಸಿಟ್ಟಿನಲ್ಲಿ ಪಾನಾ ಎಳೆದೆ. ಬೋಲ್ಟು ಸಡಿಲವಾಯಿತು.

ನಾನು ಹೊರಗೆ ಬಂದ ಮೇಲೆ ಮುಂದಿನ ಎರಡು ಬೋಲ್ಟು ತೆಗೆದು ಚೈನ್ ಎಳೆದರು. ಎಂಜಿನ್ ಮೂತಿ ಮೇಲೆ ಮಾಡಿ, ಗೇರ್‌ಬಾಕ್ಸಿನ ಬಾಲವನ್ನು ನಿಧಾನಕ್ಕೆ ಎಳೆದುಕೊಂಡು ಮೇಲೆದ್ದಿತು. ಇಬ್ಬರು ಕಾರನ್ನು ಹಿಂದಕ್ಕೆ ತಳ್ಳಿದರು, ಎಂಜಿನ್ನನ್ನು ಒಂದು ಹಳೆಯ ಟೈರಿನ ಮೇಲೆ ಇಳಿಸಿದರು. ಅಷ್ಟರಲ್ಲಿ ಅಡರಕಟ್ಟಿಯವರು ಟೆಂಪೋ ತಂದು ಗೇಟಿನ ಮುಂದೆ ನಿಲ್ಲಿಸಿದ್ದರು. ಎಂಟು ಜನ ಬೊಂಬು ಕಟ್ಟಿ, ಹೊಸ್ತಿಲಿಗೆ ಕಾಲು ತಾಗದಂತೆ ದಾಟಿ, ಅದನ್ನು ಹೊತ್ತೊಯ್ದು ಟೆಂಪೋದಲ್ಲಿ ಇಟ್ಟರು. ಒಂಬತ್ತು ವರ್ಷದಲ್ಲಿ ಗೇಟು ದಾಟಿದ ಮೊದಲ ಭಾಗ ಅದು.

ಅವರು ಹಗ್ಗ ಕಟ್ಟುವಾಗ ನಾನು ಸುಮ್ಮನೆ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತೆ. ಏನೋ ಬೇರೆಯಾಗಿ ಕಂಡಿತು. ಭಾರ ಹೋದದ್ದರಿಂದ ಕಾರಿನ ಮೂತಿ ಮೇಲೆದ್ದಿತ್ತು. ಕೆಳಗೆ ಕೈ ಹಾಕಿ ಗೇಣು ಅಳೆದೆ. ಒಂದು ಗೇಣು, ಮೇಲೆ ನಾಲ್ಕು ಬೆರಳು. ಎದ್ದು ಹೋಗಿ ಹೊಸ್ತಿಲನ್ನು ಅಳೆದೆ, ದಿನಾ ತೊಳೆಯುವ ಕಲ್ಲನ್ನು ಮೊದಲ ಸಲ ಅಳತೆ ಮಾಡುವವಳ ಹಾಗೆ. ಒಂದು ಗೇಣು. ಕಲ್ಲಿಗೆ ತಾಗುತ್ತಿದ್ದದ್ದು ಚೇಂಬರ್, ಮತ್ತೆ ಗೇರ್‌ಬಾಕ್ಸು. ಈಗ ಅವೆರಡೂ ಟೆಂಪೋದಲ್ಲಿದ್ದವು.

ಮಿಸ್ತ್ರಿಯನ್ನು ಕರೆದು ತೋರಿಸಿದೆ. ಅವನೂ ಕುಳಿತು ಕೈ ಹಾಕಿ ಅಳೆದ. ಹೋಗಿ ಹೊಸ್ತಿಲಿಗೂ ಗೇಣು ಹಾಕಿ ನೋಡಿದ.

"ಹೋಗತೈತ್ರಿ ಅಕ್ಕಾರ. ಹಲಗಿ ಹಾಕಿದ್ರ ಆರಾಮ ಹೋಗತೈತಿ. ಆದ್ರ ಹೊರಗ ಎಂಜಿನ್ ಕುಂದರ್ಸಿದ ಮ್ಯಾಲೆ ಮತ್ತ ಒಳಗ ಬರೂದಿಲ್ಲ ನೋಡ್ರಿ."

ನಮ್ಮ ಮನೆಯವರ ಮುಂದೆ ಹೋಗಿ, ಎಂಜಿನ್ ಕೊಡುವುದಿಲ್ಲ ಎಂದೆ. ಅವರು ಮೊದಲು ನಕ್ಕರು. ಆಮೇಲೆ, ಮಾತು ಕೊಟ್ಟಾಗಿದೆ, ಮಂದಿ ಮುಂದೆ ಮರ್ಯಾದೆ ತೆಗೀಬೇಡ, ನೀನೇ ಹೂಂ ಅಂದಿದ್ದೆ ಎಂದರು. ಅದು ಖರೆ. ಅಡರಕಟ್ಟಿಯವರು ಹಗ್ಗ ಹಿಡಿದು ನಿಂತಿದ್ದರು. ಆಳುಗಳು ನೆಲ ನೋಡುತ್ತಿದ್ದರು. ಇನ್ನೊಂದು ನಿಮಿಷ ಕಳೆದಿದ್ದರೆ ನಾನು ಮತ್ತೆ ಹೂಂ ಅಂದುಬಿಡುತ್ತಿದ್ದೆ, ಅದು ನನಗೆ ಗೊತ್ತು.

ಕಟ್ಟೆಯ ಮೇಲಿಂದ ಅತ್ತೆ ಕೋಲು ಊರಿ ಎದ್ದರು.

"ಹೊಸ್ತಲದ ಮ್ಯಾಲೆ ಹಲಗಿ ಹಾಕ್ರಿ," ಎಂದರು ಮಿಸ್ತ್ರಿಗೆ. "ಗಾಲಿ ಕಲ್ಲಿಗೆ ತಾಗಬಾರದು, ಅಷ್ಟ."

ಆಮೇಲೆ ಯಾರೂ ಚರ್ಚೆ ಮಾಡಲಿಲ್ಲ. ಅಡರಕಟ್ಟಿಯವರಿಗೆ ಬೇಸರವಾಯಿತು, ಮೊದಲೇ ಹೇಳಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ ಎಂದರು. ತಪ್ಪು ನನ್ನದೇ ಎಂದು ನಾನು ಕೈಮುಗಿದೆ. ಚಹಾ ಕುಡಿದ ಮೇಲೆ ಅವರೇ ಎಂಜಿನ್ನನ್ನು ಓಣಿಯ ಕೊನೆಗಿರುವ ಬೇವಿನ ಮರದ ಬಯಲಿಗೆ ಒಯ್ದು ಇಳಿಸಿ ಹೋದರು. ಕಾರನ್ನು ಕೈಯಿಂದ ತಳ್ಳಿದೆವು. ನಾನು ಸ್ಟೇರಿಂಗ್ ಹಿಡಿದಿದ್ದೆ. ಹಲಗೆ ಕಿರುಗುಟ್ಟಿತು, ಕಲ್ಲು ಹೊಟ್ಟೆಗೆ ತಾಗಲಿಲ್ಲ. ಎಂಜಿನ್ ಇಲ್ಲದ ಕಾರು ಸದ್ದಿಲ್ಲದೆ ಓಣಿಗೆ ಇಳಿಯಿತು.

ಬೇವಿನ ಮರದ ಕೆಳಗೆ ಎರಡು ದಿನದಲ್ಲಿ ಎಲ್ಲ ಮೊದಲಿನಂತೆ ಕುಳಿತವು. ನೆಗ್ಗಿದ ಚೇಂಬರನ್ನು ಮಿಸ್ತ್ರಿ ಬಡಿದು ನೆಟ್ಟಗೆ ಮಾಡಿದ. ಕೆಂಪು ಎಳೆಗೆ ಕೆಂಪು, ಹಸಿರಿಗೆ ಹಸಿರು. ಒಂದು ವಯರೂ ತಪ್ಪಲಿಲ್ಲ. ಮಿಸ್ತ್ರಿ ನೂಲು ಬಿಚ್ಚಲು ಹೋದಾಗ ಇರಲಿ ಎಂದೆ. ಅವು ಈಗಲೂ ಇವೆ. ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ ಎಂದು ನಮ್ಮ ಮನೆಯವರು ಕೇಳಿದರು. ಗೇಟಿನ ಹೊರಗೆ ಎಂದೆ. ಕಳುವಾದರೆ ನಾನು ಜವಾಬ್ದಾರನಲ್ಲ ಎಂದು ಹೇಳಿ ಅಂಗಡಿಗೆ ಹೋದರು.

ಶನಿವಾರ ನಾಲ್ಕು ಗಂಟೆಗೆ ಹೊರಟೆ. ಯಾರಿಗೂ ಎಲ್ಲಿಗೆಂದು ಹೇಳಲಿಲ್ಲ, ಮುಂಡರಗಿಗೇ ಎಂದು ನನಗೆ ಒಂಬತ್ತು ವರ್ಷದಿಂದ ಗೊತ್ತಿತ್ತು. ಊರು ದಾಟಿದ ಮೇಲೆ ಗಾಜು ಇಳಿಸಿದೆ. ಎರಡೂ ಕಡೆ ಕಡಲೆ ಹೊಲ, ದೂರದಲ್ಲಿ ಕಪ್ಪತಗುಡ್ಡ, ಗುಡ್ಡದ ಮೇಲೆ ತಿರುಗುವ ಗಾಳಿಯ ಫ್ಯಾನುಗಳು. ನಾನು ಕಾರು ಓಡಿಸುವುದು ನಿಂತಾಗ ಇಷ್ಟು ಫ್ಯಾನುಗಳು ಇರಲಿಲ್ಲ. ಎಂಜಿನ್ ಒಂದೇ ಸಮ ಹಾಡುತ್ತಿತ್ತು. ಖುಷಿಗೆ ಬಾಯಿ ಬಿಟ್ಟು ನಕ್ಕೆ.

ಅರ್ಧ ದಾರಿಯೂ ಆಗಿರಲಿಲ್ಲ. ಬಿಸಿಲು ವಾಲಿದ್ದು ಕಂಡಿತು. ಈಗ ಹಾಲಿನವ ಬರುವ ಹೊತ್ತು ಎಂದು ಹೊಳೆಯಿತು. ದೀಪ ಹಚ್ಚಬೇಕು, ಅತ್ತೆಗೆ ಸಂಜೆಯ ಗುಳಿಗೆ ಕೊಡಬೇಕು, ನಮ್ಮ ಮನೆಯವರಿಗೆ ಅಂಗಡಿಯಿಂದ ಬಂದ ಕೂಡಲೇ ಚಹಾ ಬೇಕು. ಯಾರೂ ಫೋನ್ ಮಾಡಿರಲಿಲ್ಲ. ನನ್ನ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಎದ್ದಿತು. ಒಂದು ಸಣ್ಣ ಸೇತುವೆಯ ಹತ್ತಿರ ರಸ್ತೆ ಅಗಲವಿತ್ತು. ಅಲ್ಲಿ ಕಾರು ತಿರುಗಿಸಿದೆ.

ಗೇಟಿನ ಹೊರಗೆ ಕಾರು ನಿಲ್ಲಿಸಿದಾಗ ಇನ್ನೂ ಬೆಳಕಿತ್ತು. ಅತ್ತೆ ಕಟ್ಟೆಯ ಮೇಲೆ ಕುಳಿತಿದ್ದರು. ಅವರ ಹಿಂದೆ, ಮನೆಯ ಬಾಗಿಲಲ್ಲಿ, ದೀಪ ಆಗಲೇ ಉರಿಯುತ್ತಿತ್ತು. ಮಂಡಿ ನೋವಿನ ಹೆಂಗಸು ಎದ್ದು ತಾವೇ ಹಚ್ಚಿದ್ದರು. ನನ್ನನ್ನು ನೋಡಿ ಅವರ ಮುಖ ಸಣ್ಣದಾಯಿತು.

"ಇಷ್ಟ ಜಲ್ದಿ ಯಾಕ ಬಂದಿ?" ಎಂದರು.

ದೀಪದ ಹೊತ್ತಾಯಿತಲ್ಲ ಎಂದು ಹೇಳಲು ಬಾಯಿ ತೆರೆದೆ. ಅವರ ಹಿಂದಿನ ದೀಪ ನೋಡಿ ಮುಚ್ಚಿದೆ. ಕೀಲಿ ಕೈಯಲ್ಲೇ ಇತ್ತು, ಎಂಜಿನ್ ಇನ್ನೂ ಬೆಚ್ಚಗಿತ್ತು, ರಸ್ತೆ ಹಿಂದೆಯೇ ಇತ್ತು. ನಾನು ಸೀರೆ ಎತ್ತಿ ಹಿಡಿದು, ಕಲ್ಲಿಗೆ ಕಾಲು ತಾಗದಂತೆ ಹೊಸ್ತಿಲು ದಾಟಿ, ಒಳಗೆ ಬಂದೆ.